‘ಮುಗಿಯಿತೆ?’ ಎಂದು ಕೇಳುವ ಬಗೆ: ಎಂಪಿಐ ಪ್ರೋಗ್ರಾಮುಗಳಲ್ಲಿ ನಾನ್‌ಬ್ಲಾಕಿಂಗ್ ಸಂವಹನದ ಪೂರ್ಣತೆಯನ್ನು ಪರೀಕ್ಷಿಸುವುದು

ಹಾಸನದ ಒಂದು ಎಂಜಿನಿಯರಿಂಗ್ ಕಾಲೇಜಿನ ಪ್ರಯೋಗಾಲಯದಲ್ಲಿ, ಸಾಧಾರಣ ಈಥರ್ನೆಟ್ ಸ್ವಿಚ್ಚಿಗೆ ಜೋಡಿಸಿದ ಎಂಟು ಕಂಪ್ಯೂಟರುಗಳ ಮೇಲೆ ಓಡಿಸಲೆಂದು, ಹೇಮಾವತಿಯ ಜಲಾನಯನ ಪ್ರದೇಶದ ಮಳೆನೀರು ಹರಿದು ಗೊರೂರಿನ ಜಲಾಶಯ ಸೇರುವ ಬಗೆಯನ್ನು ಲೆಕ್ಕ ಹಾಕುವ ಪ್ರೋಗ್ರಾಮೊಂದನ್ನು ನಾನು ವಿದ್ಯಾರ್ಥಿಗಳೊಂದಿಗೆ ಬರೆದಿದ್ದೆ. ನದಿ ಹುಟ್ಟುವ ಮೂಡಿಗೆರೆ ತಾಲ್ಲೂಕಿನಿಂದ ಸಕಲೇಶಪುರವನ್ನು ಹಾದು ಗೊರೂರಿನವರೆಗಿನ ನೆಲವನ್ನು ಚೌಕಗಳಾಗಿ ವಿಂಗಡಿಸಿ, ಆ ಚೌಕಗಳನ್ನು ಎಂಟು ಪಟ್ಟಿಗಳಾಗಿ ಕತ್ತರಿಸಿ, ಪ್ರೊಸೆಸ್ ಒಂದಕ್ಕೆ ಒಂದು ಪಟ್ಟಿಯಂತೆ ಹಂಚಿದ್ದೆವು. ಕಾಲದ ಪ್ರತಿ ಹೆಜ್ಜೆಯಲ್ಲೂ ಪ್ರತಿ ಪ್ರೊಸೆಸ್ ತನ್ನ ಅಂಚಿನ ಸಾಲನ್ನು ನೆರೆಯ ಪ್ರೊಸೆಸ್‌ಗೆ ಕಳಿಸಿ, ಅದರ ಅಂಚಿನ ಸಾಲನ್ನು ತಾನು ಪಡೆಯಬೇಕು. ಪ್ರೊಸೆಸ್ ಎಂದರೆ ಓಡುತ್ತಿರುವ ಪ್ರೋಗ್ರಾಮಿನ ಒಂದು ಪ್ರತಿ; ಪ್ರೊಸೆಸ್‌ಗಳ ನಡುವೆ ಹೀಗೆ ಸಂದೇಶ ಸಾಗಿಸುವ ಫಂಕ್ಷನ್‌ಗಳ ಮಾನಕವೇ ಎಂಪಿಐ. ಸಾಲಿಗೆ 400 ಚೌಕಗಳಿದ್ದಾಗ ಎಲ್ಲವೂ ಸರಿಯಾಗಿತ್ತು. ಚೌಕಗಳನ್ನು ಸಣ್ಣದು ಮಾಡಿ ಸಾಲಿಗೆ 20,000 ಎಂದು ಏರಿಸಿದ ದಿನ, ಮಳೆಯೇ ಬೀಳದ ಕಡೆ ನೀರು ಉಕ್ಕತೊಡಗಿತು.

ತಪ್ಪು ನಾನು ಬರೆದ ಒಂದು ಸಾಲಿನಲ್ಲಿತ್ತು. ಕಳಿಸಲು ಕೊಟ್ಟ, ದತ್ತಾಂಶವಿಡುವ ಮೆಮೊರಿ ಜಾಗವಾದ ಬಫರ್‌ನೊಳಗೆ, ಆ ಕಳಿಸುವಿಕೆ ಮುಗಿದಿದೆಯೇ ಎಂದು ಕೇಳದೆಯೇ, ಮುಂದಿನ ಹೆಜ್ಜೆಯ ಸಂಖ್ಯೆಗಳನ್ನು ತುಂಬುತ್ತಿದ್ದೆ. ಒಂದು ಸಂಖ್ಯೆಗೆ 8 ಬೈಟ್‌ನಂತೆ 400 ಚೌಕಗಳ ಸಾಲು 3,200 ಬೈಟ್. 20,000 ಚೌಕಗಳದ್ದು 1,60,000 ಬೈಟ್. ಚಿಕ್ಕ ಸಂದೇಶವನ್ನು ಎಂಪಿಐ ಲೈಬ್ರರಿಗಳು ಸಾಮಾನ್ಯವಾಗಿ ಆ ಕ್ಷಣವೇ ನಕಲು ಮಾಡಿಯೋ ನೆಟ್‌ವರ್ಕಿಗೆ ಹಾಕಿಯೋ ಕೈ ತೊಳೆದುಕೊಳ್ಳುತ್ತವೆ. ದೊಡ್ಡ ಸಂದೇಶವನ್ನು ಮಾತ್ರ ಪಡೆಯುವವನು ಸಿದ್ಧನಾಗುವವರೆಗೆ ನಮ್ಮ ಬಫರಿನಲ್ಲೇ ಇರಗೊಟ್ಟು, ಆಮೇಲೆ ಅಲ್ಲಿಂದಲೇ ಎತ್ತಿಕೊಳ್ಳುತ್ತವೆ. ಮೊದಲನೆಯ ಕ್ರಮಕ್ಕೆ ಈಗರ್ ಎಂದೂ ಎರಡನೆಯದಕ್ಕೆ ರಾಂದೆವೂ ಎಂದೂ ಹೆಸರು. ಇವೆರಡರ ನಡುವಿನ ಗಡಿ ಲೈಬ್ರರಿ ಮತ್ತು ನೆಟ್‌ವರ್ಕಿಗೆ ತಕ್ಕಂತೆ ಬದಲಾಗುತ್ತದೆ. ನನ್ನ ತಪ್ಪು ಚಿಕ್ಕ ಸಂದೇಶಗಳ ಮರೆಯಲ್ಲಿ ತಿಂಗಳುಗಟ್ಟಲೆ ಅಡಗಿತ್ತು. ಹಾಗೆ ಅಡಗದಂತೆ ಪ್ರೋಗ್ರಾಮನ್ನು ಮೊದಲಿನಿಂದಲೇ ಬರೆಯುವ ಕ್ರಮವನ್ನು ಇಲ್ಲಿ ಹೆಜ್ಜೆಹೆಜ್ಜೆಯಾಗಿ ವಿವರಿಸುತ್ತೇನೆ. ಫಂಕ್ಷನ್‌ಗಳ ಹೆಸರಿನ ಮುಂದೆ ಇರುವ ‘ಎಂಪಿಐ’ ಎಂಬ ಪೂರ್ವಪದವನ್ನು ಓದುಗರೇ ಸೇರಿಸಿಕೊಳ್ಳಬೇಕು.

ಹೆಜ್ಜೆ 1: ‘ಮುಗಿಯಿತು’ ಎಂದರೆ ಏನೆಂದು ಖಚಿತಪಡಿಸಿಕೊಳ್ಳಿ

ಚಿಕ್ಕಮಗಳೂರಿನ ಬೆಳೆಗಾರರು ಕ್ಯೂರಿಂಗ್ ವರ್ಕ್ಸ್‌ಗೆ ಕಾಫಿ ಚೀಲಗಳನ್ನು ಹಾಕಿ ಚೀಟಿ ಪಡೆದು ಬರುತ್ತಾರೆ. ಚೀಟಿ ಜೇಬಿನಲ್ಲಿದೆ ಎಂದ ಮಾತ್ರಕ್ಕೆ ಕಾಫಿ ಮಾರಾಟವಾಯಿತೆಂದಾಗಲಿ, ಹಣ ಕೈಸೇರಿತೆಂದಾಗಲಿ ಅರ್ಥವಲ್ಲ. ಐಸೆಂಡ್ ಮತ್ತು ಐರಿಸೀವ್ ಫಂಕ್ಷನ್‌ಗಳು ಮಾಡುವುದೂ ಇಷ್ಟೇ. ಕೆಲಸವನ್ನು ಒಪ್ಪಿಕೊಂಡು, ‘ರಿಕ್ವೆಸ್ಟ್’ ಎಂಬ ಚೀಟಿಯೊಂದನ್ನು ಕೊಟ್ಟು, ಕೂಡಲೇ ಹಿಂದಿರುಗುತ್ತವೆ. ಕೆಲಸ ಮುಗಿಯುವವರೆಗೆ ಕಾಯದ ಈ ಬಗೆಗೇ ನಾನ್‌ಬ್ಲಾಕಿಂಗ್ ಎಂದು ಹೆಸರು; ಮುಗಿಯುವವರೆಗೆ ನಿಲ್ಲುವುದು ಬ್ಲಾಕಿಂಗ್. ಮುಂದೆ ಈ ರಿಕ್ವೆಸ್ಟನ್ನು ಚೀಟಿ ಎಂದೇ ಕರೆಯುತ್ತೇನೆ.

ಐರಿಸೀವ್‌ನ ಚೀಟಿ ಮುಗಿಯಿತೆಂದರೆ, ಬಂದ ಸಂದೇಶ ಪೂರ್ತಿಯಾಗಿ ನಿಮ್ಮ ಬಫರಿನಲ್ಲಿದೆ, ಓದಬಹುದು. ಇದರಲ್ಲಿ ಗೊಂದಲವಿಲ್ಲ. ಗೊಂದಲವಿರುವುದು ಐಸೆಂಡ್‌ನಲ್ಲಿ. ಅದರ ಚೀಟಿ ಮುಗಿಯಿತೆಂದರೆ ಬಫರ್ ಮತ್ತೆ ನಿಮ್ಮದಾಯಿತು, ಅದರಲ್ಲಿ ಬೇರೇನನ್ನಾದರೂ ಬರೆಯಬಹುದು ಎಂದಷ್ಟೇ ಅರ್ಥ. ಸಂದೇಶ ಆ ಕಡೆ ತಲುಪಿತೆಂದಾಗಲಿ, ಆ ಕಡೆಯ ಪ್ರೊಸೆಸ್ ಪಡೆಯುವ ಫಂಕ್ಷನ್ನನ್ನು ಕರೆಯಿತೆಂದಾಗಲಿ ಅದು ಹೇಳುವುದಿಲ್ಲ. ಆ ಕಡೆಯವನು ಪಡೆಯತೊಡಗಿದ್ದಾನೆಂಬ ಖಾತ್ರಿ ಬೇಕಿದ್ದರೆ ಇಸ್ಸೆಂಡ್ ಬಳಸಬೇಕು. ಜೊತೆಯ ಪಡೆಯುವಿಕೆ ಹೊಂದಿಕೆಯಾಗಿ ಆರಂಭವಾಗುವ ತನಕ ಅದರ ಚೀಟಿ ಮುಗಿಯುವುದಿಲ್ಲ. ಪಡೆದ ದತ್ತಾಂಶವನ್ನು ಆ ಪ್ರೊಸೆಸ್ ಬಳಸಿಕೊಂಡಿದೆಯೇ ಎಂಬುದನ್ನು ಯಾವ ಚೀಟಿಯೂ ಹೇಳಲಾರದು. ಅದಕ್ಕೆ ಮರುಸಂದೇಶವೇ ಬೇಕು.

ಚೀಟಿ ಬಾಕಿ ಇರುವಾಗ ಕಳಿಸುವ ಬಫರನ್ನು ಓದಬಹುದೇ ಎಂಬ ಪ್ರಶ್ನೆ ಆಗಾಗ ಬರುತ್ತದೆ. ಎಂಪಿಐ ಮಾನಕದ 2009ರ 2.2ನೇ ಆವೃತ್ತಿಯಿಂದ ಓದಲು ಅನುಮತಿಯಿದೆ, ಬರೆಯಲು ಇಲ್ಲ. ಪಡೆಯುವ ಬಫರನ್ನಂತೂ ಮುಟ್ಟುವಂತೆಯೇ ಇಲ್ಲ.

ಹೆಜ್ಜೆ 2: ಚೀಟಿಗಳನ್ನು ಜೋಪಾನ ಮಾಡಿ

ಎಲ್ಲ ಚೀಟಿಗಳನ್ನೂ ಒಂದು ಅರೇಯಲ್ಲಿಟ್ಟು, ಆರಂಭದಲ್ಲಿ ಪ್ರತಿಯೊಂದಕ್ಕೂ ‘ರಿಕ್ವೆಸ್ಟ್ ನಲ್’ ಎಂಬ ಬೆಲೆ ಕೊಡಿ. ಮೊದಲ ಪಟ್ಟಿಗೆ ಮೇಲಿನ ನೆರೆಯಿಲ್ಲ, ಕೊನೆಯ ಪಟ್ಟಿಗೆ ಕೆಳಗಿನ ನೆರೆಯಿಲ್ಲ. ಆದರೂ ನಲ್ ಚೀಟಿಯನ್ನು ಕಾಯಲು ಹೇಳಿದರೆ ಎಂಪಿಐ ಕೂಡಲೇ ‘ಆಯಿತು’ ಎಂದು ಹಿಂದಿರುಗುವುದರಿಂದ, ಅಂಚಿನ ಪಟ್ಟಿಗಳಿಗೆಂದು ಕಾಯುವಾಗ ಪ್ರತ್ಯೇಕ ಷರತ್ತು ಬರೆಯುವ ಅಗತ್ಯವೇ ಬೀಳುವುದಿಲ್ಲ. ಮುಂದಿನ ಹೆಜ್ಜೆಯಲ್ಲಿ ವಿವರಿಸುವ ವೇಟ್ ಅಥವಾ ಟೆಸ್ಟ್ ಮೂಲಕ ಪೂರ್ಣಗೊಂಡ ಸಾಮಾನ್ಯ ಚೀಟಿಯನ್ನು ಎಂಪಿಐ ತಾನೇ ಹರಿದು ಹಾಕಿ, ಅದರ ಜಾಗದಲ್ಲಿ ಮತ್ತೆ ನಲ್ ಇಡುತ್ತದೆ.

ಇದೇ ಅನುಕೂಲ ಒಂದು ಬಲೆಯೂ ಹೌದು. ಲೂಪಿನೊಳಗೆ ಒಂದೇ ವೇರಿಯಬಲ್‌ಗೆ ಹೊಸ ಚೀಟಿಯನ್ನು ಬರೆದುಬಿಟ್ಟರೆ ಹಳೆಯದು ಕೈತಪ್ಪುತ್ತದೆ. ಆ ಕೆಲಸ ಮುಗಿಯಿತೇ ಎಂದು ಕೇಳಲು ಇನ್ನು ದಾರಿಯಿಲ್ಲ. ಚೀಟಿಯ ದಾಖಲೆಯೂ ಲೈಬ್ರರಿಯ ಮೆಮೊರಿಯಲ್ಲಿ ಉಳಿದು, ಲಕ್ಷ ಹೆಜ್ಜೆಗಳ ಓಟದಲ್ಲಿ ಮೆಮೊರಿ ನಿಧಾನವಾಗಿ ಏರುತ್ತ ಹೋಗುತ್ತದೆ. ‘ರಿಕ್ವೆಸ್ಟ್ ಫ್ರೀ’ ಫಂಕ್ಷನ್ನಿನಿಂದ ಚೀಟಿಯನ್ನು ಬಿಟ್ಟುಕೊಟ್ಟರಾಯಿತೆಂದು ಕೆಲವರು ಸಲಹೆ ಕೊಡುವುದುಂಟು. ಹಾಗೆ ಮಾಡಿದರೆ ಸಂವಹನ ನಿಲ್ಲುವುದಿಲ್ಲ, ಆದರೆ ಬಫರ್ ಯಾವಾಗ ನಿಮ್ಮದಾಯಿತೆಂದು ತಿಳಿಯುವ ಮಾರ್ಗ ಮುಚ್ಚಿಹೋಗುತ್ತದೆ. ನನ್ನ ವಿದ್ಯಾರ್ಥಿಗಳಿಗೆ ನಾನು ಆ ಫಂಕ್ಷನ್ನಿನ ಹೆಸರನ್ನೂ ಮೊದಲ ತಿಂಗಳು ಹೇಳುವುದಿಲ್ಲ.

ಪ್ರತಿ ಹೆಜ್ಜೆಯಲ್ಲೂ ಅದೇ ನೆರೆಗೆ ಅಷ್ಟೇ ಉದ್ದದ ಸಂದೇಶ ಹೋಗುವುದಾದರೆ, ಸೆಂಡ್‌ಇನಿಟ್ ಮತ್ತು ರಿಸೀವ್‌ಇನಿಟ್ ಮೂಲಕ ಕಾಯಂ ಚೀಟಿ ಮಾಡಿಸಿಕೊಂಡು, ಪ್ರತಿ ಬಾರಿ ಸ್ಟಾರ್ಟ್ ಕರೆಯಬಹುದು. ಮುಗಿದಾಗ ಈ ಚೀಟಿ ನಲ್ ಆಗುವುದಿಲ್ಲ, ನಿಷ್ಕ್ರಿಯವಾಗಿ ಉಳಿಯುತ್ತದೆ. ಸ್ಟಾರ್ಟ್ ಕರೆಯಲು ಮರೆತು ಟೆಸ್ಟ್ ಮಾಡಿದರೆ ‘ಮುಗಿದಿದೆ’ ಎಂಬ ಉತ್ತರವೇ ಬರುತ್ತದೆ. ಪ್ರೋಗ್ರಾಮ್ ಯಾವ ದೂರನ್ನೂ ಹೇಳದೆ ಹಿಂದಿನ ಹೆಜ್ಜೆಯ ನೀರನ್ನೇ ಮತ್ತೆ ಲೆಕ್ಕಕ್ಕೆ ತೆಗೆದುಕೊಳ್ಳುತ್ತದೆ.

ಹೆಜ್ಜೆ 3: ಕಾಯುವುದೋ, ಕೇಳುವುದೋ ನಿರ್ಧರಿಸಿ

ವೇಟ್ ಎಂದರೆ ಚೀಟಿ ಮುಗಿಯುವ ತನಕ ಅಲ್ಲೇ ನಿಲ್ಲುವುದು. ಟೆಸ್ಟ್ ಎಂದರೆ ಕಿಟಕಿಯಲ್ಲಿ ಇಣುಕಿ ‘ಆಯಿತೇ?’ ಎಂದು ಕೇಳಿ, ಹೌದು ಅಥವಾ ಇಲ್ಲ ಎಂಬ ಉತ್ತರದೊಂದಿಗೆ ಕೂಡಲೇ ಹಿಂದಿರುಗುವುದು. ಹಲವು ಚೀಟಿಗಳಿದ್ದಾಗ ಎರಡಕ್ಕೂ ಮೂರು ಮೂರು ರೂಪಗಳಿವೆ. ಎಲ್ಲವೂ ಮುಗಿಯಬೇಕೆಂದರೆ ವೇಟ್‌ಆಲ್ ಮತ್ತು ಟೆಸ್ಟ್‌ಆಲ್, ಯಾವುದಾದರೊಂದು ಸಾಕೆಂದರೆ ವೇಟ್‌ಎನಿ ಮತ್ತು ಟೆಸ್ಟ್‌ಎನಿ, ಈವರೆಗೆ ಮುಗಿದಷ್ಟನ್ನೂ ಕೊಡು ಎಂದರೆ ವೇಟ್‌ಸಮ್ ಮತ್ತು ಟೆಸ್ಟ್‌ಸಮ್.

ಮಾಡಲು ಬೇರೆ ಕೆಲಸವಿಲ್ಲದಿದ್ದರೆ ವೇಟ್‌ಆಲ್ ಬಳಸಿ. ಟೆಸ್ಟನ್ನು ಬರಿಯ ಲೂಪಿನಲ್ಲಿ ಸುತ್ತಿಸುತ್ತ ಕೂರುವುದರಲ್ಲಿ ಲಾಭವಿಲ್ಲ. ಟೆಸ್ಟ್‌ಆಲ್ ‘ಇಲ್ಲ’ ಎಂದಾಗ, ಹತ್ತರಲ್ಲಿ ಒಂಬತ್ತು ಒಳಗೇ ಮುಗಿದಿದ್ದರೂ, ಯಾವ ಚೀಟಿಯೂ ಬದಲಾಗುವುದಿಲ್ಲ ಮತ್ತು ಪ್ರತಿ ಚೀಟಿಯ ಫಲಿತಾಂಶದ ವಿವರವಿಡುವ ಸ್ಟೇಟಸ್ ಅರೇಯಲ್ಲಿರುವುದಕ್ಕೆ ಅರ್ಥವಿರುವುದಿಲ್ಲ. ಚೀಟಿಯನ್ನು ಹರಿಯದೆ ಸ್ಥಿತಿಯನ್ನಷ್ಟೇ ನೋಡಬೇಕಿದ್ದರೆ ‘ರಿಕ್ವೆಸ್ಟ್ ಗೆಟ್ ಸ್ಟೇಟಸ್’ ಇದೆ. ಬೇರೊಬ್ಬರು ಬರೆದ ಲೈಬ್ರರಿಯ ಚೀಟಿಯನ್ನು ಹೊರಗಿನಿಂದ ಗಮನಿಸುವಾಗ ಅದು ಉಪಯೋಗಕ್ಕೆ ಬರುತ್ತದೆ.

ಒಂದೊಂದು ಕೆಲಸದ ತುಂಡನ್ನು ಹಂಚಿ ಉತ್ತರಕ್ಕಾಗಿ ಕಾಯುವ ಯಜಮಾನ ಪ್ರೊಸೆಸ್‌ಗೆ ವೇಟ್‌ಎನಿ ಸಹಜವೆನಿಸುತ್ತದೆ. ಆದರೆ ಅದು ನ್ಯಾಯದ ಭರವಸೆ ಕೊಡುವುದಿಲ್ಲ. ಅರೇಯ ಮೊದಲಲ್ಲಿರುವ ಚುರುಕಿನ ಪ್ರೊಸೆಸ್ ಪದೇ ಪದೇ ಗೆಲ್ಲುತ್ತಿದ್ದರೆ, ಕೊನೆಯಲ್ಲಿರುವುದು ಉತ್ತರ ಕೊಟ್ಟು ಬಹಳ ಹೊತ್ತಾದರೂ ಗಮನಕ್ಕೆ ಬಾರದೆ ಇರಬಹುದು. ಅಲ್ಲಿ ವೇಟ್‌ಸಮ್ ಮೇಲು. ಅರೇಯಲ್ಲಿ ಸಕ್ರಿಯ ಚೀಟಿಯೇ ಇಲ್ಲದಾಗ ವೇಟ್‌ಎನಿ ಕೊಡುವ ಸೂಚ್ಯಂಕವೂ, ವೇಟ್‌ಸಮ್ ಕೊಡುವ ಎಣಿಕೆಯೂ ‘ಅನ್‌ಡಿಫೈನ್ಡ್’ ಎಂಬ ವಿಶೇಷ ಬೆಲೆಯಾಗಿರುತ್ತದೆ. ಅದನ್ನು ಪರೀಕ್ಷಿಸದೆ ಅರೇಯ ಸ್ಥಾನವೆಂದು ಬಳಸಿದರೆ ಪ್ರೋಗ್ರಾಮ್ ಎಲ್ಲಿ ಬಿದ್ದಿತೆಂದು ಹುಡುಕಲು ಅರ್ಧ ದಿನ ಹೋಗುತ್ತದೆ.

ಹೆಜ್ಜೆ 4: ಲೆಕ್ಕದ ನಡುವೆ ಟೆಸ್ಟ್ ಕರೆಯಿರಿ

ನಾನ್‌ಬ್ಲಾಕಿಂಗ್ ಸಂವಹನವನ್ನು ಬಳಸುವ ಮುಖ್ಯ ಉದ್ದೇಶಗಳಲ್ಲೊಂದು ಸಂದೇಶ ಹಾದಿಯಲ್ಲಿರುವಾಗ ಲೆಕ್ಕವೂ ನಡೆಯಲಿ ಎಂಬುದು. ನಮ್ಮ ಪ್ರೋಗ್ರಾಮಿನ ಒಂದು ಕಾಲಹೆಜ್ಜೆಯನ್ನು ಹೀಗೆ ಕಟ್ಟಬೇಕು:

1. ನೆರೆಯವರಿಂದ ಬರುವ ಎರಡು ಸಾಲುಗಳಿಗೆ ಮೊದಲು ಐರಿಸೀವ್ ಹಾಕಿ.
2. ನಿಮ್ಮ ಅಂಚಿನ ಎರಡು ಸಾಲುಗಳನ್ನು ಕಳಿಸುವ ಬಫರಿಗೆ ತುಂಬಿ, ಐಸೆಂಡ್ ಹಾಕಿ.
3. ನೆರೆಯ ದತ್ತಾಂಶ ಬೇಡದ ಒಳಗಿನ ಸಾಲುಗಳನ್ನು ತುಂಡುತುಂಡಾಗಿ ಲೆಕ್ಕ ಹಾಕಿ. ತುಂಡು ಮುಗಿದಾಗಲೆಲ್ಲ ನಾಲ್ಕೂ ಚೀಟಿಗಳ ಮೇಲೆ ಒಮ್ಮೆ ಟೆಸ್ಟ್‌ಆಲ್ ಕರೆಯಿರಿ.
4. ಪಡೆಯುವ ಚೀಟಿಗಳ ಮೇಲೆ ವೇಟ್‌ಆಲ್ ಕರೆದು, ಅಂಚಿನ ಸಾಲುಗಳನ್ನು ಲೆಕ್ಕ ಹಾಕಿ.
5. ಕಳಿಸುವ ಚೀಟಿಗಳ ಮೇಲೆ ವೇಟ್‌ಆಲ್ ಕರೆದ ನಂತರವೇ ಕಳಿಸುವ ಬಫರನ್ನು ಮತ್ತೆ ಮುಟ್ಟಿ.

ಮೂರನೆಯ ಸಾಲಿನ ಟೆಸ್ಟ್‌ಆಲ್ ನೀಡುವ ಉತ್ತರವನ್ನು ನಾವು ಬಳಸುವುದೇ ಇಲ್ಲವಲ್ಲ, ಹಾಗಿದ್ದರೆ ಅದೇಕೆ ಎಂದು ಒಬ್ಬ ವಿದ್ಯಾರ್ಥಿನಿ ಕೇಳಿದ್ದಳು. ಅದೇ ಈ ವಿಷಯದ ತಿರುಳು. ಅನೇಕ ಲೈಬ್ರರಿಗಳಲ್ಲಿ ಸಂದೇಶವನ್ನು ಮುಂದಕ್ಕೆ ತಳ್ಳುವ ಕೆಲಸಗಾರ ಹಿನ್ನೆಲೆಯಲ್ಲಿ ಬೇರೆ ಇರುವುದಿಲ್ಲ. ನಮ್ಮ ಪ್ರೋಗ್ರಾಮ್ ಯಾವುದಾದರೂ ಎಂಪಿಐ ಫಂಕ್ಷನ್ನಿನೊಳಗೆ ಕಾಲಿಟ್ಟಾಗ ಮಾತ್ರ ಲೈಬ್ರರಿ ನೆಟ್‌ವರ್ಕನ್ನು ನೋಡುತ್ತದೆ. ರಾಂದೆವೂ ಕ್ರಮದಲ್ಲಿ ಕಳಿಸುವವನು ‘ಸಂದೇಶವಿದೆ’ ಎಂದು ಸಾರಬೇಕು, ಪಡೆಯುವವನು ‘ಕಳಿಸು’ ಎನ್ನಬೇಕು, ಆಮೇಲೆ ದತ್ತಾಂಶ ಹೊರಡಬೇಕು. ಇಬ್ಬರೂ ತಲೆಯೆತ್ತದೆ ಲೆಕ್ಕದಲ್ಲಿ ಮುಳುಗಿದ್ದರೆ ‘ಕಳಿಸು’ ಎಂಬ ಮಾತನ್ನು ಕೇಳಿಸಿಕೊಳ್ಳುವವರೇ ಇಲ್ಲ. ದತ್ತಾಂಶವೆಲ್ಲ ಕೊನೆಯ ವೇಟ್‌ಆಲ್‌ನಲ್ಲಿ ಚಲಿಸುತ್ತದೆ, ಬ್ಲಾಕಿಂಗ್ ಪ್ರೋಗ್ರಾಮಿಗಿಂತ ಒಂದು ಸೆಕೆಂಡೂ ಉಳಿಯುವುದಿಲ್ಲ. ಆದ್ದರಿಂದ ಟೆಸ್ಟ್ ಬರಿಯ ಪ್ರಶ್ನೆಯಲ್ಲ, ಗಾಡಿಯನ್ನು ಅಷ್ಟು ದೂರ ತಳ್ಳುವ ಕೈಯೂ ಹೌದು. ಎಷ್ಟು ಸಾಲಿಗೊಮ್ಮೆ ಕರೆಯಬೇಕೆಂಬುದನ್ನು ನಿಮ್ಮ ಯಂತ್ರದ ಮೇಲೆ ಅಳೆದೇ ಕಂಡುಕೊಳ್ಳಬೇಕು. ಪ್ರತಿ ಚೌಕಕ್ಕೂ ಕರೆದರೆ ಲೆಕ್ಕವೇ ನಿಧಾನವಾಗುತ್ತದೆ, ಹೆಜ್ಜೆಗೊಮ್ಮೆ ಕರೆದರೆ ಸಾಲದಾಗುತ್ತದೆ. ಹಾರ್ಡ್‌ವೇರ್ ತಾನಾಗಿ ಸಂದೇಶ ಸಾಗಿಸುವ ದುಬಾರಿ ನೆಟ್‌ವರ್ಕುಗಳಲ್ಲಿ ಈ ಅಗತ್ಯ ಕಡಿಮೆ. ನಮ್ಮ ಪ್ರಯೋಗಾಲಯದಂಥ ಈಥರ್ನೆಟ್ಟಿನಲ್ಲಿ ಮಾತ್ರ ವ್ಯತ್ಯಾಸ ಕಣ್ಣಿಗೆ ಕಾಣುವಷ್ಟಿರುತ್ತದೆ.

ಹೆಜ್ಜೆ 5: ಸ್ಟೇಟಸ್ ಓದಿ

ಯಾರಿಂದಲಾದರೂ ಬರಲಿ ಎಂದು ಹಾಕಿದ ಐರಿಸೀವ್ ಮುಗಿದಾಗ, ಕಳಿಸಿದವರಾರು, ಸಂದೇಶಕ್ಕೆ ಅಂಟಿಸಿದ ಗುರುತುಸಂಖ್ಯೆಯಾದ ಟ್ಯಾಗ್ ಯಾವುದು ಎಂಬುದನ್ನು ಸ್ಟೇಟಸ್ ಹೇಳುತ್ತದೆ. ಎಷ್ಟು ಸಂಖ್ಯೆಗಳು ಬಂದವೆಂಬುದನ್ನು ಗೆಟ್‌ಕೌಂಟ್‌ನಿಂದ ತಿಳಿಯಬೇಕು, ಏಕೆಂದರೆ ನೀವು ಕೊಟ್ಟ ಉದ್ದ ಗರಿಷ್ಠ ಮಿತಿಯೇ ಹೊರತು ಬಂದ ಉದ್ದವಲ್ಲ. ಮಿತಿಗಿಂತ ದೊಡ್ಡ ಸಂದೇಶ ಬಂದರೆ ಅದು ದೋಷ. ದೋಷವಾದೊಡನೆ ಇಡೀ ಪ್ರೋಗ್ರಾಮನ್ನು ನಿಲ್ಲಿಸುವುದು ಎಂಪಿಐನ ಮೂಲ ವರ್ತನೆಯಾದ್ದರಿಂದ, ದೋಷಸಂಕೇತಗಳನ್ನು ನೀವೇ ಪರಿಶೀಲಿಸಬೇಕಿದ್ದರೆ ಮೊದಲು ‘ಎರರ್ಸ್ ರಿಟರ್ನ್’ ಎಂಬ ವ್ಯವಸ್ಥೆಗೆ ಬದಲಿಸಬೇಕು. ಆಗ ವೇಟ್‌ಆಲ್ ‘ಎರರ್ ಇನ್ ಸ್ಟೇಟಸ್’ ಎಂದರೆ, ಪ್ರತಿ ಚೀಟಿಯ ಸ್ಟೇಟಸ್ಸಿನ ದೋಷದ ಕ್ಷೇತ್ರವನ್ನು ನೋಡಿ, ಯಾವುದು ಯಶಸ್ವಿ, ಯಾವುದು ವಿಫಲ, ಯಾವುದು ಇನ್ನೂ ಬಾಕಿ ಎಂದು ಬಿಡಿಸಿಕೊಳ್ಳಬಹುದು. ಒಂದೇ ಚೀಟಿಯ ವೇಟ್ ಮತ್ತು ಟೆಸ್ಟ್‌ಗಳು ಆ ಕ್ಷೇತ್ರವನ್ನು ಮುಟ್ಟುವುದಿಲ್ಲ. ಅಲ್ಲಿ ಫಂಕ್ಷನ್ ಹಿಂದಿರುಗಿಸುವ ಬೆಲೆಯನ್ನೇ ನೋಡಬೇಕು.

ಹೆಜ್ಜೆ 6: ಎಷ್ಟು ಸಂದೇಶ ಬರುತ್ತವೆಂದೇ ಗೊತ್ತಿಲ್ಲದಿದ್ದರೆ

ನೀರಿನ ಜೊತೆ ಕೊಚ್ಚಿಹೋಗುವ ಮಣ್ಣಿನ ಕಣಗಳನ್ನು ನಮ್ಮ ಲೆಕ್ಕಕ್ಕೆ ಸೇರಿಸಿದಾಗ ಹೊಸ ತೊಡಕು ಎದುರಾಯಿತು. ಯಾವ ಪಟ್ಟಿಯಿಂದ ಯಾವ ಪಟ್ಟಿಗೆ ಕಣಗಳು ದಾಟುತ್ತವೆಂಬುದು ಪ್ರತಿ ಹೆಜ್ಜೆಗೂ ಬೇರೆ. ಕಳಿಸುವವನಿಗೆ ತಾನು ಯಾರಿಗೆ ಕಳಿಸುತ್ತಿದ್ದೇನೆಂದು ಗೊತ್ತು, ಪಡೆಯುವವನಿಗೆ ಎಷ್ಟು ಬಂದರೆ ಮುಗಿಯಿತೆಂದು ಗೊತ್ತಿಲ್ಲ. ಎಲ್ಲರೂ ಎಲ್ಲರಿಗೂ ಮೊದಲು ಎಣಿಕೆ ಕಳಿಸುವುದು ಒಂದು ದಾರಿ. ಪ್ರೊಸೆಸ್‌ಗಳು ಸಾವಿರಾರು ಆದಾಗ ಆ ಎಣಿಕೆಯ ಹಂಚಿಕೆಯೇ ದುಬಾರಿ. ಟಾರ್ಸ್ಟನ್ ಹೋಫ್ಲರ್, ಕ್ರಿಶ್ಚಿಯನ್ ಸೀಬರ್ಟ್ ಮತ್ತು ಆಂಡ್ರ್ಯೂ ಲಮ್ಸ್‌ಡೈನ್ ಅವರು 2010ರಲ್ಲಿ ಪ್ರಕಟಿಸಿದ ಉಪಾಯ ಇದಕ್ಕೆ ಹೇಳಿ ಮಾಡಿಸಿದಂತಿದೆ. ಅದಕ್ಕೆ ಬೇಕಾದ, ಎಲ್ಲ ಪ್ರೊಸೆಸ್‌ಗಳೂ ಒಂದು ಹಂತವನ್ನು ಮುಟ್ಟಿದವೇ ಎಂದು ನಿಲ್ಲದೆಯೇ ತಿಳಿಯಲು ನೆರವಾಗುವ ಐಬ್ಯಾರಿಯರ್ 2012ರ 3.0 ಆವೃತ್ತಿಯಲ್ಲಿ ಎಂಪಿಐ ಸೇರಿತು.

ಪ್ರತಿ ಪ್ರೊಸೆಸ್ ತನ್ನ ಸಂದೇಶಗಳನ್ನೆಲ್ಲ ಇಸ್ಸೆಂಡ್‌ನಿಂದ ಕಳಿಸಿ, ಒಂದು ಲೂಪಿಗೆ ಇಳಿಯುತ್ತದೆ. ಲೂಪಿನಲ್ಲಿ ಐಪ್ರೋಬ್ ಮೂಲಕ ಸಂದೇಶ ಬಂದಿದೆಯೇ ಎಂದು ನೋಡಿ, ಬಂದಿದ್ದರೆ ಪಡೆಯುತ್ತದೆ. ಬಳಿಕ ತನ್ನ ಚೀಟಿಗಳ ಮೇಲೆ ಟೆಸ್ಟ್‌ಆಲ್ ಮಾಡುತ್ತದೆ. ಎಲ್ಲವೂ ಮುಗಿದಿದ್ದರೆ ಐಬ್ಯಾರಿಯರ್ ಆರಂಭಿಸಿ, ಮುಂದಿನ ಸುತ್ತುಗಳಲ್ಲಿ ಪ್ರೋಬ್ ಮಾಡುತ್ತಲೇ ಆ ಬ್ಯಾರಿಯರಿನ ಚೀಟಿಯನ್ನು ಟೆಸ್ಟ್ ಮಾಡುತ್ತದೆ. ಬ್ಯಾರಿಯರ್ ಮುಗಿದರೆ ಲೂಪಿನಿಂದ ಹೊರಗೆ. ಇದು ಸರಿಯಾಗುವುದಕ್ಕೆ ಕಾರಣ ಮೊದಲ ಹೆಜ್ಜೆಯಲ್ಲಿ ಹೇಳಿದ ಅರ್ಥವ್ಯತ್ಯಾಸವೇ: ಇಸ್ಸೆಂಡ್ ಮುಗಿಯಿತೆಂದರೆ ಆ ಕಡೆಯವನು ಪಡೆಯತೊಡಗಿದ್ದಾನೆ, ಎಲ್ಲರೂ ಬ್ಯಾರಿಯರ್ ಮುಟ್ಟಿದರೆಂದರೆ ಯಾರ ಸಂದೇಶವೂ ಹಾದಿಯಲ್ಲಿ ಉಳಿದಿಲ್ಲ. ಇಲ್ಲಿ ಇಸ್ಸೆಂಡ್ ಬದಲು ಐಸೆಂಡ್ ಬರೆದರೂ ಪ್ರೋಗ್ರಾಮ್ ಓಡುತ್ತದೆ, ಆಗೊಮ್ಮೆ ಈಗೊಮ್ಮೆ ಕಣಗಳು ಕಾಣೆಯಾಗುತ್ತವೆ, ಅಷ್ಟೇ.

ಇನ್ನೊಂದು ಸೂಕ್ಷ್ಮವಿದೆ. ಬ್ಯಾರಿಯರಿನಿಂದ ಬೇಗ ಹೊರಬಿದ್ದ ಪ್ರೊಸೆಸ್ ಮುಂದಿನ ಹೆಜ್ಜೆಯ ಕಣಗಳನ್ನು ಕಳಿಸಿದಾಗ, ನಿಧಾನದ ಪ್ರೊಸೆಸ್ ಇನ್ನೂ ಹಿಂದಿನ ಲೂಪಿನಲ್ಲೇ ಇದ್ದು ಅವನ್ನು ಹಳೆಯವೆಂದು ಸ್ವೀಕರಿಸಬಹುದು. ಸಮ ಹೆಜ್ಜೆಗೊಂದು ಟ್ಯಾಗ್, ಬೆಸ ಹೆಜ್ಜೆಗೊಂದು ಟ್ಯಾಗ್ ಕೊಟ್ಟು, ಆಯಾ ಟ್ಯಾಗನ್ನಷ್ಟೇ ಪ್ರೋಬ್ ಮಾಡಿದರೆ ಬೆರಕೆ ತಪ್ಪುತ್ತದೆ.

ಹೆಜ್ಜೆ 7: ಭಾಷೆಯಿಂದ ಬರುವ ತೊಡಕುಗಳನ್ನು ನೋಡಿಕೊಳ್ಳಿ

ಸಿ ಭಾಷೆಯಲ್ಲಿ ಫಂಕ್ಷನ್ನಿನ ಒಳಗಿನ ಅರೇಯನ್ನು ಐಸೆಂಡ್‌ಗೆ ಕೊಟ್ಟು, ವೇಟ್ ಮಾಡದೆ ಆ ಫಂಕ್ಷನ್ನಿನಿಂದ ಹಿಂದಿರುಗಬಾರದು. ಸಿ ಪ್ಲಸ್ ಪ್ಲಸ್‌ನ ವೆಕ್ಟರ್ ಬೆಳೆದಾಗ ಅದರ ಮೆಮೊರಿ ಜಾಗ ಬದಲಿಸಬಹುದಾದ್ದರಿಂದ, ಚೀಟಿ ಬಾಕಿಯಿರುವಾಗ ಅದಕ್ಕೆ ಹೊಸತನ್ನು ಸೇರಿಸಬಾರದು. ಫೋರ್ಟ್ರಾನ್ ಕಂಪೈಲರ್‌ಗೆ ವೇಟ್ ಕರೆಯ ಒಳಗೆ ಬಫರ್ ಬದಲಾಗುತ್ತದೆಂಬುದು ಕಾಣುವುದಿಲ್ಲ, ಹಳೆಯ ಬೆಲೆಯನ್ನು ರಿಜಿಸ್ಟರಿನಲ್ಲೇ ಇಟ್ಟುಕೊಳ್ಳಬಹುದು. ಬಫರನ್ನು ‘ಅಸಿಂಕ್ರನಸ್’ ಎಂದು ಘೋಷಿಸಬೇಕು. ಪೈಥಾನ್‌ನ ಎಂಪಿಐ4ಪೈನಲ್ಲಿ ಸಣ್ಣಕ್ಷರದ ಐರಿಸೀವ್ ಬಫರ್ ಕೊಡದಿದ್ದಾಗ 32 ಕಿಲೋಬೈಟ್‌ನ ಜಾಗವನ್ನಷ್ಟೇ ಕಾದಿರಿಸುವುದರಿಂದ, ದೊಡ್ಡ ವಸ್ತು ಬಂದಾಗ ಅದು ಸಂದೇಶ ಜಾಗವನ್ನು ಮೀರಿತೆಂಬ ಟ್ರಂಕೇಟ್ ದೋಷದಿಂದ ನಿಲ್ಲುತ್ತದೆ. ಥ್ರೆಡ್‌ಗಳಿದ್ದರೆ ಒಂದೇ ಚೀಟಿಯನ್ನು ಎರಡು ಥ್ರೆಡ್‌ಗಳು ಏಕಕಾಲಕ್ಕೆ ಕಾಯುವಂತಿಲ್ಲ.

ಕೊನೆಯಲ್ಲಿ ಎಂಪಿಐಯನ್ನು ಮುಚ್ಚುವ ಫೈನಲೈಜ್ ಕರೆಯುವ ಮೊದಲು ಎಲ್ಲ ಚೀಟಿಗಳೂ ಮುಗಿದಿರಬೇಕು. ಇನ್ನು ಬಾರದ ಸಂದೇಶಕ್ಕೆ ಹಾಕಿದ ಐರಿಸೀವ್ ಉಳಿದಿದ್ದರೆ ಕ್ಯಾನ್ಸಲ್ ಕರೆದು, ಆಮೇಲೂ ವೇಟ್ ಮಾಡಿ, ‘ಟೆಸ್ಟ್ ಕ್ಯಾನ್ಸಲ್ಡ್’ ಮೂಲಕ ನಿಜಕ್ಕೂ ರದ್ದಾಯಿತೇ ಅಥವಾ ಅಷ್ಟರಲ್ಲಿ ಸಂದೇಶ ಬಂದೇಬಿಟ್ಟಿತೇ ಎಂದು ನೋಡಬೇಕು. ಕಳಿಸುವಿಕೆಯನ್ನು ರದ್ದುಮಾಡುವ ಅಭ್ಯಾಸ ಬೇಡ, 2021ರ 4.0 ಆವೃತ್ತಿ ಅದನ್ನು ಬಳಕೆಯಿಂದ ಹಿಂದೆಗೆಯುವ ಪಟ್ಟಿಗೆ ಸೇರಿಸಿದೆ.

ಹೆಜ್ಜೆ 8: ಅಡಗಿದ ತಪ್ಪನ್ನು ಬೇಕೆಂದೇ ಹೊರಗೆಳೆಯಿರಿ

ಮೊದಲು ಎಲ್ಲ ಐಸೆಂಡ್‌ಗಳನ್ನೂ ಇಸ್ಸೆಂಡ್ ಎಂದು ಬದಲಿಸಿ ಓಡಿಸಿ. ಪ್ರೋಗ್ರಾಮ್ ಎಲ್ಲಾದರೂ ಸಿಕ್ಕಿಕೊಂಡರೆ, ಲೈಬ್ರರಿಯ ನಕಲಿನ ಉಪಕಾರದಿಂದ ಅದು ಇಷ್ಟು ದಿನ ಓಡುತ್ತಿತ್ತೆಂದು ಅರ್ಥ. ಬಳಿಕ ಲೈಬ್ರರಿಯ ಸಂರಚನೆಯಲ್ಲಿ ಈಗರ್ ಮಿತಿಯನ್ನು ತೀರ ಕೆಳಗಿಳಿಸಿ, ಚಿಕ್ಕ ಸಂದೇಶಗಳೂ ರಾಂದೆವೂ ದಾರಿ ಹಿಡಿಯುವಂತೆ ಮಾಡಿ. ಕೈತಪ್ಪಿದ ಚೀಟಿಗಳನ್ನೂ ಬಾಕಿಯಿರುವಾಗಲೇ ಮುಟ್ಟಿದ ಬಫರುಗಳನ್ನೂ ‘ಮಸ್ಟ್’ ಎಂಬ ತಪಾಸಣಾ ಸಾಧನ ಪತ್ತೆಹಚ್ಚಬಲ್ಲದು.

ಸಾಧನವಿಲ್ಲದಿದ್ದರೆ ಎರಡು ಮನೆಮದ್ದುಗಳಿವೆ. ಐಸೆಂಡ್ ಹಾಕುವಾಗ, ಬಫರಿನ ಬೈಟುಗಳನ್ನೆಲ್ಲ ಸೇರಿಸಿ ಲೆಕ್ಕ ಹಾಕುವ ಗುರುತುಸಂಖ್ಯೆಯಾದ ಚೆಕ್‌ಸಮ್ ತೆಗೆದಿಟ್ಟುಕೊಂಡು, ವೇಟ್ ಮುಗಿದೊಡನೆ ಮತ್ತೆ ತೆಗೆದು ಹೋಲಿಸಿ. ಬೇರೆಯಾಗಿದ್ದರೆ ನಡುವೆ ಯಾರೋ ಬರೆದಿದ್ದಾರೆ. ಪಡೆಯುವ ಸಾಲುಗಳಲ್ಲಿ, ಐರಿಸೀವ್ ಹಾಕುವ ಮುನ್ನ, ಎಲ್ಲೆಡೆ ‘ಸಂಖ್ಯೆಯಲ್ಲ’ ಎಂಬರ್ಥದ ‘ನ್ಯಾನ್’ ಬೆಲೆಯನ್ನು ತುಂಬಿಡಿ. ಸಂದೇಶ ಬರುವ ಮುನ್ನವೇ ಆ ಸಾಲನ್ನು ಓದಿದ ಲೆಕ್ಕದ ತುಂಬ ನ್ಯಾನ್ ಹರಡಿ, ಎಲ್ಲಿಂದ ಹೊರಟಿತೆಂಬುದೂ ಕಾಣುತ್ತದೆ. ನಮ್ಮ ಪ್ರೋಗ್ರಾಮಿನಲ್ಲಿ ಚೆಕ್‌ಸಮ್ ಮೊದಲ ಓಟದಲ್ಲೇ, ಎರಡನೆಯ ಕಾಲಹೆಜ್ಜೆಯ ಅಂಚಿನಲ್ಲಿ, ನಾನು ಬರೆದ ಆ ಸಾಲಿನ ಕಡೆಗೇ ಬೆರಳು ತೋರಿಸಿತು. ಅದೂ 400 ಚೌಕಗಳ ಚಿಕ್ಕ ಸಾಲಿನಲ್ಲೇ.